ಅನ್ನದ ಹಿಂದೆ ಸಾರು

ನಮ್ಮ ಭಾವ ತಮ್ಮ ಮದುವೆಯಲ್ಲಿ ತಾವೇ ಊಟ ಮಾಡಿಲ್ಲ ಎಂದರೆ ನೀವು ನಂಬುವುದಿಲ್ಲ. ನಂಬಬೇಡಿ! ಆದರೆ ಆ ಮದುವೆಯಲ್ಲಿ ಹೋಳಿಗೆ ಬಡಿಸುವ ಪಾಳಿ ನನ್ನದಾಗಿತ್ತು. ನಾನು ಕಣ್ಣಾರೆ ಕಂಡಿದ್ದೇನೆ. ವಧೂವರರಿಗೆಂದು ರಂಗೋಲಿ ಬಿಟ್ಟು, ಬೆಳ್ಳಿ ಲೋಟ ಇಟ್ಟು, ಎರಡು ದೊಡ್ಡ ಬಾಳೆಲೆ ಹಾಸಿದ್ದರು. ಒಂದರ ಮುಂದೆ ಅಕ್ಕ ತಲೆ ತಗ್ಗಿಸಿ ಕೂತಿದ್ದಳು. ಇನ್ನೊಂದರ ಮುಂದೆ ಯಾರೂ ಇರಲಿಲ್ಲ. ವರಮಹಾಶಯರು ಹಣೆಯ ಬಾಸಿಂಗವನ್ನೂ ಬಿಚ್ಚದೆ ಪಂಕ್ತಿಯ ಆ ತುದಿಯಲ್ಲಿ ನಿಂತು, ಯಾರೋ ಹಣ್ಣು ಮುದುಕರೊಬ್ಬರ ಕಿವಿಯ ಹತ್ತಿರ ಬಗ್ಗಿ, "ಸಾವಕಾಶ ಆಗ್ಲಿ. ಸಂಕೋಚ ಮಾಡ್ಕೋಬೇಡಿ. ಇನ್ನೊಂದು ಹೋಳಿಗೆ ಹಾಕಿಸ್ಲಾ?" ಎಂದು ಉಪಚಾರ ಹೇಳುತ್ತಿದ್ದರು.

ಪಂಕ್ತಿಯ ನಡುವೆ ಓಡಾಡಿಕೊಂಡು ಉಣ್ಣುವವರನ್ನು ಹೀಗೆ ವಿಚಾರಿಸುವುದು ಹೆಣ್ಣಿನ ಕಡೆಯವರ ಕೆಲಸ. ಅದನ್ನು ವರನೇ ಕಿತ್ತುಕೊಂಡರೆ ಹೆಣ್ಣು ಹೆತ್ತವರ ಗತಿಯೇನು? ಅಪ್ಪನ ಮುಖ ಸುಣ್ಣದಂತಾಯಿತು. "ನಮ್ಮಿಂದ ಏನು ಕಡಿಮೆ ಆಯ್ತು ಕೇಳೋ, ಹೋಗು" ಎಂದು ನನ್ನನ್ನು ಓಡಿಸಿದ. ನಾನು ಹೋಗಿ ಕೇಳಿದೆ.

"ಏನೂ ಕಡಿಮೆ ಆಗಿಲ್ಲ ಮಾರಾಯ! ಇಷ್ಟು ಜನ ಬಂದಿದಾರೆ, ಕೂತ್ಕೊಂಡು ಉಣ್ಣೋಕಾಗುತ್ತಾ?"

"ಭಾವ, ಇದು ನಿಮ್ಮ ಮದುವೆ!"

"ಅದಕ್ಕೇ ಮತ್ತೆ! ನನ್ನ ಮದುವೆಗೆ ಬಂದೋರನ್ನ ನಾನು ವಿಚಾರಿಸ್ದೆ ಇನ್ಯಾರು ವಿಚಾರಿಸ್ಬೇಕು?"

ಆ ಎಲೆ ಹಾಗೆಯೇ ಆರಿತು. ಮೊದಲ ದೀಪಾವಳಿಗೆ ಅಳಿಯನನ್ನು ಕರೆಸಿದಾಗಲಾದರೂ ಕೂರಿಸಿ ಬಡಿಸೋಣವೆಂದು ಅಮ್ಮ ಬೆಳಗಿನಿಂದ ಒಲೆಯ ಮುಂದೆ ನಿಂತಳು. ಎಲೆ ಹಾಕಿ ಆಯಿತು, ಮಣೆ ಹಾಕಿ ಆಯಿತು. ಅಳಿಯಂದಿರು ಸೀದಾ ಅಡುಗೆಮನೆಗೆ ಬಂದು, "ಅತ್ತೆ, ನೀವು ಕೂತ್ಕೊಳ್ಳಿ, ಬೆಳಿಗ್ಗೆಯಿಂದ ನಿಂತಿದೀರ" ಎಂದು ಅವಳ ಕೈಯಿಂದಲೇ ಪಾಯಸದ ಪಾತ್ರೆ ಇಸಿದುಕೊಂಡು ನಮಗೆಲ್ಲ ಬಡಿಸತೊಡಗಿದರು! ಅಂದಿನಿಂದ ಅಮ್ಮನ ಬಾಯಲ್ಲಿ ಒಂದು ಮಾತು ನಿಂತುಬಿಟ್ಟಿತು: "ಅಳಿಯಂದಿರಿಗೆ ಕೂರ್ಸಿ ಬಡಿಸೋ ಯೋಗ ನಂಗಿಲ್ಲ ಬಿಡು." ಪ್ರತಿ ದೀಪಾವಳಿಗೂ ಎಣ್ಣೆ ನೀರಿನ ಜೊತೆ ನಮಗೆ ಈ ಮಾತೂ ಕಡ್ಡಾಯ.

ಇಷ್ಟಾದ ಮೇಲೆ ಭಾವನ ಸ್ವಭಾವ ನಿಮಗೆ ಗೊತ್ತಾಗಿರಬೇಕು. ನಾಲ್ಕು ಜನ ಎಲ್ಲಿ ಸೇರಲಿ, ಅದು ತಮ್ಮ ಮನೆಯ ಕಾರ್ಯ, ತಾವೇ ಯಜಮಾನರು, ಬಂದವರೆಲ್ಲ ತಮ್ಮ ನೆಂಟರು ಎಂದು ಅವರ ನಂಬಿಕೆ. ಅವರಿರುವುದು ಶಿವಮೊಗ್ಗದ ಹೊಸಮನೆ ಬಡಾವಣೆಯಲ್ಲಿ. ನಾನು ಭದ್ರಾವತಿಯ ಕಾಲೇಜೊಂದರಲ್ಲಿ ಪಾಠ ಹೇಳುವವನು. ಎರಡೂರಿನ ನಡುವೆ ಇರುವುದು ಒಂದು ನಿದ್ದೆಗೂ ಸಾಲದ ದಾರಿ. ಆ ಬಸ್ಸಿನಲ್ಲಿ ಭಾವನ ಜೊತೆ ಬಂದರೆ ನಿದ್ದೆಯಂತೂ ಕನಸಿನ ಮಾತು. ಅವರು ಮುಂಬಾಗಿಲ ಹತ್ತಿರದ ಸೀಟು ಹಿಡಿದು, ಹತ್ತುವವರನ್ನೆಲ್ಲ "ಬನ್ನಿ ಬನ್ನಿ, ಈ ಕಡೆ ಗಾಳಿ ಇದೆ" ಎಂದು ಬರಮಾಡಿಕೊಳ್ಳುತ್ತಾರೆ. ಮಗು ಎತ್ತಿಕೊಂಡವರಿಗೆ ಜಾಗ ಮಾಡಿಸುತ್ತಾರೆ. ಅಕ್ಕಪಕ್ಕ ಕೂತವರಿಬ್ಬರಿಗೆ ಪರಸ್ಪರ ಪರಿಚಯ ಮಾಡಿಸುತ್ತಾರೆ, ಅವರಿಬ್ಬರ ಪರಿಚಯವೂ ತಮಗಿಲ್ಲದಿದ್ದರೂ! ಒಮ್ಮೆ ಕಂಡಕ್ಟರು ತಾಳ್ಮೆಗೆಟ್ಟು ಕೇಳಿದ, "ಸಾರ್, ಬಸ್ ನಿಮ್ದಾ, ಸರ್ಕಾರದ್ದಾ?"

"ಬಸ್ ಸರ್ಕಾರದ್ದು ಕಣಪ್ಪ. ಬಂದಿರೋರು ನಮ್ಮೋರು" ಎಂದರು ಭಾವ. "ಅಂದ ಹಾಗೆ ನಿಂದು ತಿಂಡಿ ಆಯ್ತಾ?"

ಆ ಕಂಡಕ್ಟರು ಈಗ ಅಕ್ಕನ ಮನೆಗೆ ಹಬ್ಬಕ್ಕೆ ಬರುತ್ತಾನೆ.

ಸೋಗಾನೆಯಲ್ಲಿ ವಿಮಾನ ನಿಲ್ದಾಣವಾದ ಹೊಸತರಲ್ಲಿ ಇಡೀ ಶಿವಮೊಗ್ಗ ನೋಡಲು ಹೋಯಿತು. ನಾವೂ ಹೋದೆವು. ನಾವೆಲ್ಲ ಕತ್ತೆತ್ತಿ ವಿಮಾನ ನೋಡುತ್ತಿದ್ದರೆ ಭಾವ ಹೊರಬಾಗಿಲ ಹತ್ತಿರ ನಿಂತು ಇಳಿದು ಬರುವವರಿಗೆ ಕೈಮುಗಿಯುತ್ತಿದ್ದರು. "ಬನ್ನಿ ಬನ್ನಿ, ಪ್ರಯಾಣ ಸುಖವಾಗಿತ್ತಾ?" ಒಬ್ಬ ದಪ್ಪ ಮನುಷ್ಯ ಇವರನ್ನು ಅಧಿಕಾರಿಯೆಂದು ತಿಳಿದು ಒಳಗೆ ಕೊಟ್ಟ ಕಾಫಿಯ ಬಗ್ಗೆ ದೂರು ಹೇಳಿದ. ಭಾವ, "ತಪ್ಪಾಯ್ತು, ಮುಂದಿನ ಸಲ ಹಾಗಾಗಲ್ಲ" ಎಂದು ಕ್ಷಮೆಯನ್ನೂ ಕೇಳಿದರು! ಕರೆದೊಯ್ಯಬೇಕಾದ ಕಾರು ಬಾರದೆ ನಿಂತಿದ್ದ ಗಂಡ ಹೆಂಡತಿಯನ್ನು ಮನೆಗೇ ಊಟಕ್ಕೆ ಕರೆತಂದರು. ಅಕ್ಕ ಬಾಗಿಲಲ್ಲಿ ನಿಂತು ನನ್ನನ್ನು ಮೆಲ್ಲಗೆ ಕೇಳಿದಳು, "ಇವರು ಯಾರ ಕಡೆಯವರೋ?" "ವಿಮಾನದ ಕಡೆಯವರು" ಎಂದೆ. ಅಕ್ಕ ಕುಕ್ಕರಿಗೆ ಇನ್ನೊಂದು ಪಾವು ಅಕ್ಕಿ ಸುರಿದಳು.

ಈ ಅಭ್ಯಾಸ ಅಪಾಯಕ್ಕೆ ಬಂದದ್ದು ಒಂದೇ ಸಲ. ದೂರದ ಸಂಬಂಧಿಯೊಬ್ಬರು ತೀರಿಕೊಂಡಿದ್ದರು. ಸಾವಿನ ಮನೆಯಲ್ಲಿ ಯಾರಿಗೂ ಏನೂ ತೋಚದೆ ನಿಂತಾಗ ಕುರ್ಚಿ ಹಾಕಿಸಿದ್ದು, ನೀರು ಕೊಡಿಸಿದ್ದು, ಅಳುವವರ ಪಕ್ಕ ಅಳದವರನ್ನು ಕೂರಿಸಿದ್ದು ಎಲ್ಲವೂ ಭಾವನೇ. ಮನೆಯವರು ಕೈ ಹಿಡಿದು ಉಪಕಾರ ನೆನೆದರು. ಅಲ್ಲಿಗೇ ನಿಂತಿದ್ದರೆ ಆಗುತ್ತಿತ್ತು. ಆದರೆ ಹೊರಟವರನ್ನು ಗೇಟಿನ ತನಕ ಕಳಿಸಿಕೊಡದೆ ಇರಲು ಅವರಿಂದಾಗದು. ಗೇಟಿನಲ್ಲಿ ಕೈಮುಗಿದು ಅಭ್ಯಾಸಬಲದಿಂದ ಹೇಳಿದರು, "ನೀವು ಬಂದಿದ್ದು ಬಹಳ ಸಂತೋಷ. ಹೀಗೇ ಆಗಾಗ ಬರ್ತಾ ಇರಿ!"

ಹೊರಟವರು ಬೆಚ್ಚಿ ತಿರುಗಿದರು. ಅಕ್ಕ ಬಾಯಿಗೆ ಸೆರಗು ತುರುಕಿಕೊಂಡಳು. ಅವರ ಆಟೋ ಅಷ್ಟು ದೂರ ಹೋದ ಮೇಲೆ ಭಾವನಿಗೆ ಹೊಳೆದು, ಹಿಂದೆ ಓಡಿ ಕೂಗಿದರು: "ಬೇರೆ ಕಾರಣಕ್ಕೆ! ಬೇರೆ ಕಾರಣಕ್ಕೆ ಬನ್ನಿ!"

ಇನ್ನು ನಮ್ಮ ಮನೆಯ ವಿಷಯಕ್ಕೆ ಬರುತ್ತೇನೆ. ಬಾರದೆ ಉಪಾಯವಿಲ್ಲ.

ನನಗೊಬ್ಬ ಅಣ್ಣ. ಶಿವಮೊಗ್ಗದಲ್ಲೇ, ಸವಳಂಗ ರಸ್ತೆಯ ಕಡೆ ಮೂರು ವರ್ಷದ ಹಿಂದೆ ಮನೆ ಕಟ್ಟಿಸಿದ. ಗೃಹಪ್ರವೇಶಕ್ಕೆ ಕರೆಯಲು ಮೊಬೈಲಿನಲ್ಲಿ ಒಂದು ಗ್ರೂಪ್ ಮಾಡಿದ. ಅದರಲ್ಲಿ ಹಾಲಿನವನಿದ್ದ, ಟೈಲ್ಸ್ ಹಾಕಿದವನಿದ್ದ, ಅಣ್ಣನ ಆಫೀಸಿನವರೆಲ್ಲ ಇದ್ದರು. ನಾನೂ ಇದ್ದೆ. ಒಂದು ಬೆಳಿಗ್ಗೆ ಎಲ್ಲರಿಗೂ ಒಟ್ಟಿಗೆ ಕಾರ್ಡು ಬಂತು. ಕೆಳಗೆ, "ಇದನ್ನೇ ಖುದ್ದು ಕರೆಯೆಂದು ಭಾವಿಸಿ" ಎಂಬ ಸಾಲು. ಒಡಹುಟ್ಟಿದವನನ್ನು ಮನೆಗೆ ಬಂದು, ಕುಂಕುಮ ಕೊಟ್ಟು, ಬಾಯ್ತುಂಬ ಕರೆಯಬೇಡವೇ? ಟೈಲ್ಸಿನವನೂ ನಾನೂ ಒಂದೇ ಏನು? ನಾನು ಗ್ರೂಪಿನಿಂದ ಹೊರಬಿದ್ದೆ. ನಾನು ಹೊರಬಿದ್ದ ಸುದ್ದಿಯನ್ನು ಆ ಗ್ರೂಪು ಹಾಲಿನವನಿಗೂ ಟೈಲ್ಸಿನವನಿಗೂ ತಿಳಿಸಿತು. ಅಣ್ಣನಿಗೆ ಅವಮಾನವಾಯಿತು. "ಸ್ವಂತ ತಮ್ಮನ್ನ ಕರೆಯೋಕೆ ಕುಂಕುಮದ ಬಟ್ಲು ಹಿಡ್ಕೊಂಡು ಹೋಗ್ಬೇಕಾ? ಅವನೇನು ಹೊರಗಿನವನಾ?" ಎಂದನಂತೆ. ನಾನು ಗೃಹಪ್ರವೇಶಕ್ಕೆ ಹೋಗಲಿಲ್ಲ. ಅಲ್ಲಿಂದ ಮಾತು ನಿಂತಿತು. ತಪ್ಪು ಯಾರದು ಎಂಬುದು ಈ ಬರಹದ ವಿಷಯವಲ್ಲ. (ಅವನದು.)

ಇದರ ನಡುವೆ ಸಿಕ್ಕಿದವಳು ಅಮ್ಮ. ಅಪ್ಪ ತೀರಿಕೊಂಡ ಮೇಲೆ ನಾಲ್ಕು ತಿಂಗಳು ಅಣ್ಣನ ಮನೆ, ನಾಲ್ಕು ತಿಂಗಳು ನನ್ನ ಮನೆ ಎಂಬುದು ಅವಳೇ ಮಾಡಿಕೊಂಡ ಏರ್ಪಾಡು. ಈಗ ಅಣ್ಣ ಅವಳನ್ನು ಬೆಳಿಗ್ಗೆ ಹೊಸಮನೆಯ ಅಕ್ಕನ ಮನೆಯಲ್ಲಿ ಇಳಿಸಿ ಹೋಗುತ್ತಿದ್ದ. ಅವನು ಹೋದದ್ದನ್ನು ಫೋನಿನಲ್ಲಿ ಖಾತ್ರಿ ಮಾಡಿಕೊಂಡು ನಾನು ಸಂಜೆ ಬಂದು ಕರೆದೊಯ್ಯುತ್ತಿದ್ದೆ. "ನಾನೇನು ಲಾರಿ ಆಫೀಸಿಗೆ ಬಂದ ಪಾರ್ಸೆಲ್ಲೇನೋ?" ಎಂದಳು ಅಮ್ಮ ಒಮ್ಮೆ. "ಒಬ್ಬ ಇಳಿಸಿ ಹೋಗ್ತಾನೆ, ಇನ್ನೊಬ್ಬ ಬಂದು ಎತ್ಕೊಂಡು ಹೋಗ್ತಾನೆ. ನೀವಿಬ್ರೂ ಒಂದು ಪಂಕ್ತೀಲಿ ಕೂತು ಉಂಡಿದ್ದು ನೋಡಿದ್ರೆ ಸಾಕು ನಂಗೆ. ಇನ್ನೇನೂ ಕೇಳಲ್ಲ."

ಅವಳಿಗೆ ಎಂಬತ್ತು ದಾಟಿದೆ. ನಾನು ಬ್ಯಾಗಿನ ಜಿಪ್ಪು ಎಳೆಯುತ್ತ ಕೇಳಿಸದವನಂತೆ ನಿಂತೆ. ಭಾವ ಪಕ್ಕದಲ್ಲೇ ಇದ್ದರು. ಯಾವುದಕ್ಕೂ ಒಂದು ಮಾತು ಸೇರಿಸದೆ ಇರದ ಮನುಷ್ಯ ಆವತ್ತು ಮಾತಾಡಲಿಲ್ಲ. ಅಮ್ಮನಿಗೆ ದಾರಿಗೆಂದು ಒಂದು ಬಾಟಲಿ ಬಿಸಿನೀರು ತಂದುಕೊಟ್ಟರು, ಅಷ್ಟೆ.

ನೀವು ಹಾಗೆಲ್ಲ ಭಾವನನ್ನು ಬರಿಯ ಉಪಚಾರದ ಹುಚ್ಚಿನವರು ಎಂದುಕೊಳ್ಳಬಾರದು. ಅವರ ಬೀದಿಯ ನಿವಾಸಿಗಳ ಸಂಘದ ಕತೆ ಕೇಳಿ. ಆ ಸಂಘದ ಸಭೆಗಳು ಜಗಳದಲ್ಲಿ ಮುಗಿಯುತ್ತಿದ್ದವು ಎಂದರೆ ಸುಳ್ಳಾಗುತ್ತದೆ, ಜಗಳದಲ್ಲೇ ಶುರುವಾಗುತ್ತಿದ್ದವು. ಬೇಸತ್ತವರು ಭಾವನನ್ನು ಅಧ್ಯಕ್ಷರನ್ನಾಗಿ ಮಾಡಿದರು. ಮೊದಲ ಸಭೆಯ ವಿಷಯ ಬೀದಿನಾಯಿ. ಒಬ್ಬ ಮೇಡಂ ದಿನಾ ನಾಯಿಗಳಿಗೆ ಅನ್ನ ಹಾಕುವವರು. ಎದುರು ಮನೆಯ ನಿವೃತ್ತ ಮೇಷ್ಟರು ಅದೇ ನಾಯಿಗಳಿಂದ ಕಚ್ಚಿಸಿಕೊಂಡವರು. ಅವತ್ತು ನಾನು ತಮಾಷೆ ನೋಡಲೆಂದೇ ಭದ್ರಾವತಿಯಿಂದ ಹೋಗಿದ್ದೆ.

ಭಾವ ವೇದಿಕೆಯನ್ನು ತೆಗೆಸಿದ್ದರು. ಅಧ್ಯಕ್ಷರು ಕೂರಬೇಕಾದ ಕುರ್ಚಿ ಖಾಲಿ. ಅವರು ಗೇಟಿನಲ್ಲಿ ನಿಂತಿದ್ದರು. ಬಂದ ಪ್ರತಿಯೊಬ್ಬರಿಗೂ ಹೆಸರು ಹಿಡಿದು ಸ್ವಾಗತ, ಕೈಗೊಂದು ಕೆಲಸ. "ಮೇಡಂ, ಈ ಕೋಡುಬಳೆ ತಟ್ಟೆ ಸ್ವಲ್ಪ ಹಿಡ್ಕೊಳ್ಳಿ. ಮೇಷ್ಟ್ರೇ, ಅವರ ಹಿಂದೇನೇ ಚಟ್ನಿ ತಗೊಂಡು ಹೋಗಿ, ಬರೀ ಕೋಡುಬಳೆ ಯಾರು ತಿಂತಾರೆ?" ನಾಯಿಯ ಕಡೆಯವರೂ ಕಚ್ಚಿಸಿಕೊಂಡವರ ಕಡೆಯವರೂ ಹೀಗೆ ಒಬ್ಬರ ಹಿಂದೊಬ್ಬರು ಎಲ್ಲರ ಮುಂದೆ ಬಗ್ಗುತ್ತ ಎರಡು ಸುತ್ತು ಬಂದರು. ಮೇಷ್ಟರು ಚಟ್ನಿ ಚೆಲ್ಲಿದರು, ಮೇಡಂ ಕರವಸ್ತ್ರ ಕೊಟ್ಟರು.

"ಇದೇನು ಭಾವ ಉಪಾಯ?" ಎಂದು ನಾನು ಪಿಸುಗುಟ್ಟಿದೆ.

"ಕೂತು ಉಣ್ಣೋನಿಗೆ ಸಿಟ್ಟು ಮಾಡ್ಕೊಳ್ಳೋಕೆ ಪುರುಸೊತ್ತು ಇರುತ್ತೆ ಮಾರಾಯ. ಬಡಿಸೋನಿಗೆ ಎಲ್ಲಿ?"

ಸಭೆ ನಡೆಯಿತು. ಒಬ್ಬರು ಮೂರನೆಯ ಸಲ ಮಾತಿಗೆ ಎದ್ದಾಗ ಭಾವ ನಗುತ್ತ, "ನಿಮಗೆ ಆಗ್ಲೇ ಎರಡು ಸಲ ಬಡಿಸಿ ಆಯ್ತು. ಮುಂದಿನ ಎಲೆಗೆ ಹೋಗೋಣ" ಎಂದು ಕೂರಿಸಿದರು. ಮೂಲೆಯಲ್ಲಿ ಬಾಯಿ ಬಿಡದೆ ಕೂತಿದ್ದ ಒಬ್ಬ ಮುದುಕಿಯ ಹತ್ತಿರ ತಾವೇ ಹೋಗಿ, "ನೀವು ಏನೂ ಹೇಳ್ಲಿಲ್ವಲ್ಲ" ಎಂದರು. ಆಕೆ ಬೇಡ ಬೇಡ ಎಂದರೂ ಬಿಡಲಿಲ್ಲ. ಎಲ್ಲಿ ಹಾಕಿದರೂ ಸರಿ, ಕಸದ ಗಾಡಿ ಬರುವ ಮುಂಚೆ ನಾಯಿಗಳಿಗೆ ಅನ್ನ ಹಾಕಿ ಎಲೆ ಎತ್ತಿಬಿಟ್ಟರೆ ಅರ್ಧ ಕಷ್ಟ ಕಳೆಯುತ್ತದೆ, ನಾಯಿಗಳು ದಿನವಿಡೀ ಅಲ್ಲೇ ಕಾಯುವುದಿಲ್ಲ ಎಂದು ಆಕೆ ಮೆಲ್ಲಗೆ ಹೇಳಿದಳು. ಕೊನೆಗೆ ಅದೇ ತೀರ್ಮಾನವಾಯಿತು. ಜೊತೆಗೆ ನಾಯಿಗಳಿಗೆ ಇಂಜೆಕ್ಷನ್ ಹಾಕಿಸುವುದು ಎಂದಾಯಿತು. ಭಾವನ ಅಭಿಪ್ರಾಯ ಏನಿತ್ತು? ಯಾರಿಗೂ ತಿಳಿಯಲಿಲ್ಲ. ಯಜಮಾನ ಎಲ್ಲರಿಗಿಂತ ಕೊನೆಗೆ ಉಣ್ಣಬೇಕಂತೆ. ಕೊನೆಗೆ ಏನೂ ಉಳಿಯದಿದ್ದರೆ ಕಾರ್ಯ ಚೆನ್ನಾಗಿ ಆಯಿತು ಎಂದರ್ಥವಂತೆ!

"ಆ ಅಜ್ಜಿ ಬೇಡ ಅಂದ್ರೂ ಯಾಕೆ ಒತ್ತಾಯ ಮಾಡಿದ್ರಿ?" ಎಂದು ಜನ ಏಳುವ ಮುಂಚೆಯೇ ಮೆಲ್ಲಗೆ ಕೇಳಿದೆ.

"ಎಲೆ ನೋಡ್ಬೇಕು ಕಣೋ, ಮುಖ ನೋಡ್ಬಾರ್ದು. ಬಾಯಿ ಬೇಡ ಅನ್ನುತ್ತೆ, ಎಲೆ ಖಾಲಿ ಇರುತ್ತೆ."

ಅಷ್ಟರಲ್ಲಿ ಬೀದಿಯ ನಾಯಿಗಳ ಹಿರಿಯಣ್ಣ, ಮೇಷ್ಟರನ್ನು ಕಚ್ಚಿದ ಅದೇ ಕಂದು ಬಣ್ಣದ್ದು, ಕೋಡುಬಳೆಯ ವಾಸನೆ ಹಿಡಿದು ಗೇಟಿನೊಳಗೆ ಬಂತು. ಜನ ಹೌಹಾರಿ ಎದ್ದರು. ಭಾವ ಮಾತ್ರ ಎರಡು ಹೆಜ್ಜೆ ಎದುರು ಹೋಗಿ, "ಬಾರಪ್ಪ, ನಿನ್ನ ವಿಷಯಾನೇ ಮಾತಾಡ್ತಿದ್ವಿ" ಎಂದರು.

ಈ ವಿದ್ಯೆಯನ್ನು ನಾನೂ ಕಾಲೇಜಿನ ಸಭೆಯಲ್ಲಿ ಪ್ರಯೋಗಿಸಿದೆ. ಬಾಗಿಲಲ್ಲಿ ನಿಂತು ಸ್ವಾಗತಿಸಿದೆ, ಕೋಡುಬಳೆ ತರಿಸಿದೆ. ಸಹೋದ್ಯೋಗಿಗಳು ಬಂದರು, ತಿಂದರು, ಕೈತೊಳೆದರು, "ಏನ್ ವಿಶೇಷ ಸಾರ್, ಪ್ರಮೋಷನ್ನಾ?" ಎಂದು ಕೇಳಿ ಹೊರಟುಹೋದರು. ಎಲ್ಲರಿಗೂ ಎಲ್ಲವೂ ಒಗ್ಗುವುದಿಲ್ಲ.

ಈ ವರ್ಷ ಭಾವನಿಗೆ ಅರವತ್ತು ತುಂಬಿತು. ಅರವತ್ತು ತುಂಬಿತೆಂದು ಸರ್ಕಾರ ಮನೆಗೆ ಕಳಿಸುತ್ತದೆ, ಅದೇ ಕಾರಣಕ್ಕೆ ಪುರೋಹಿತರು ಮತ್ತೆ ಮದುವೆ ಮಾಡಿಸುತ್ತಾರೆ! ಷಷ್ಟ್ಯಬ್ದಿಗೆ ಕರೆಯಲು ಭಾವ ಅಕ್ಕನನ್ನು ಕರೆದುಕೊಂಡು ಭದ್ರಾವತಿಗೆ ಬಂದರು. ಕುಂಕುಮದ ಬಟ್ಟಲು, ಅಕ್ಷತೆ, ತೆಂಗಿನಕಾಯಿ ಎಲ್ಲ ಇತ್ತು. ನನಗೆ ಚುಚ್ಚಲೆಂದೇ ತಂದಂತಿತ್ತು. ನಾನು ಬನ್ನಿ ಎನ್ನುವ ಮೊದಲೇ ಅವರು ನನಗೆ "ಕೂತ್ಕೊ ಮಾರಾಯ, ನಿಂತೇ ಇದೀಯಲ್ಲ" ಎಂದರು. ನನ್ನ ಮನೆಯಲ್ಲಿ, ನನಗೆ! ಅಷ್ಟರಲ್ಲಿ ಪಕ್ಕದ ಮನೆಯ ತಮಿಳಿನ ಯಜಮಾನರು ಪೇಪರ್ ಕೇಳಲು ಇಣುಕಿದರು. ಕಾರ್ಖಾನೆಯಲ್ಲಿ ದುಡಿದು ನಿವೃತ್ತರಾದವರು. ಭಾವ "ವಾಂಗೊ ವಾಂಗೊ" ಎಂದು ಎದ್ದು ಅವರಿಗೆ ಕುರ್ಚಿ ಕೊಟ್ಟು, ಅವರನ್ನೂ ಷಷ್ಟ್ಯಬ್ದಿಗೆ ಕರೆದುಬಿಟ್ಟರು.

ಹೊರಡುವಾಗ ನನ್ನ ಭುಜದ ಮೇಲೆ ಕೈಯಿಟ್ಟರು. "ನೀನು ಬೆಳಿಗ್ಗೆಯೇ ಬರ್ಬೇಕು. ಸಾರು ಬಡಿಸೋದು ನಿನ್ನ ಜವಾಬ್ದಾರಿ. ಸಾರು ಎಲ್ರ ಕೈಲೂ ಆಗಲ್ಲ, ಕೈ ಹದ ಇರ್ಬೇಕು."

ಹದ! ನನ್ನ ಕೈಯ ಹದವನ್ನು ಜಗತ್ತು ಕೊನೆಗೂ ಗುರುತಿಸಿತಲ್ಲ ಎಂದು ಉಬ್ಬಿಹೋದೆ. ಅಣ್ಣನೂ ಬರುತ್ತಾನೆಂದು ಗೊತ್ತಿತ್ತು. ಅವನು ಒಂದು ಪಂಕ್ತಿಯಲ್ಲಿ ಕೂತರೆ ನಾನು ಇನ್ನೊಂದರಲ್ಲಿ ಕೂರುವುದು, ಅಷ್ಟೇ ತಾನೆ? ಸವಳಂಗ ರಸ್ತೆಯಲ್ಲಿ ಅದೇ ದಿನ, "ಅನ್ನ ಬಡಿಸೋದು ಎಲ್ರ ಕೈಲೂ ಆಗಲ್ಲ, ಕೈ ಧಾರಾಳ ಇರ್ಬೇಕು" ಎಂದು ಇನ್ನೊಬ್ಬನನ್ನು ಉಬ್ಬಿಸಿ ಬಂದಿದ್ದರೆಂಬುದು ನನಗೆ ತಿಳಿಯಲಿಲ್ಲ.

ಕಾರ್ಯ ನಡೆದದ್ದು ಭಾವನ ಮನೆಯ ತಾರಸಿಯ ಮೇಲೆ, ಶಾಮಿಯಾನದ ಕೆಳಗೆ. ಅಡುಗೆ ಭಟ್ಟರದು, ಬಡಿಸುವುದು ಮನೆಯವರು ಎಂದು ಭಾವನ ಕಟ್ಟುನಿಟ್ಟು. ಅಕ್ಕನಿಗೆ ಎರಡನೆಯ ಸಲ ತಾಳಿ ಕಟ್ಟುವಾಗಲೂ ಅವರ ಕಣ್ಣು ಮೆಟ್ಟಿಲ ಕಡೆಗೇ. "ಯಾರೋ ಬಂದ್ರು, ಪಾನಕ ಕೊಡಿ" ಎಂದು ಮಾಂಗಲ್ಯದ ಮಂತ್ರದ ನಡುವೆ ಕೂಗಿದರು. ಪುರೋಹಿತರು ಮಂತ್ರ ನಿಲ್ಲಿಸಿ, "ಇವತ್ತೊಂದಿನ ನೀವು ಮದುಮಗ" ಎಂದು ನೆನಪಿಸಬೇಕಾಯಿತು.

ಎಲೆ ಹಾಕಿದರು. ಅಕ್ಕ ನನ್ನ ಸೊಂಟಕ್ಕೆ ಟವೆಲು ಬಿಗಿದು, ಹೊಗೆಯಾಡುವ ಸಾರಿನ ಬಕೆಟ್ಟು, ಸೌಟು ಕೈಗಿಟ್ಟಳು. ತಲೆಯೆತ್ತಿದೆ. ನನ್ನ ಮುಂದೆಯೇ, ಅನ್ನದ ಬೋಗುಣಿ ಹಿಡಿದು ಅಣ್ಣ ನಿಂತಿದ್ದ.

ಅವನು ಬಕೆಟ್ಟನ್ನು ನೋಡಿದ, ನಾನು ಬೋಗುಣಿಯನ್ನು ನೋಡಿದೆ. ಇಬ್ಬರೂ ಭಾವನನ್ನು ನೋಡಿದೆವು. ಭಾವ ಶಾಮಿಯಾನದ ಹಗ್ಗ ಸರಿಯಿದೆಯೇ ಎಂದು ಬಹಳ ಗಂಭೀರವಾಗಿ ಪರೀಕ್ಷಿಸುತ್ತಿದ್ದರು. ಬಕೆಟ್ಟು ಕೆಳಗಿಟ್ಟು ಹೋಗೋಣವೆಂದರೆ ಬಂಧುಬಳಗವೆಲ್ಲ ಎಲೆಯ ಮುಂದೆ ಕೂತಿದೆ. ಮೂಲೆಯ ಕುರ್ಚಿಯಲ್ಲಿ ಅಮ್ಮ ಕೂತಿದ್ದಾಳೆ.

ಬಡಿಸಿದವರಿಗೆ ಗೊತ್ತು, ಅನ್ನದ ಹಿಂದೆ ಸಾರು ಹೋಗಲೇಬೇಕು. ಅನ್ನ ಬಿದ್ದೊಡನೆ ಉಣ್ಣುವವನು ಅದರಲ್ಲೊಂದು ಗುಂಡಿ ಮಾಡಿಕೊಂಡು ತಲೆಯೆತ್ತುತ್ತಾನೆ. ಆಗ ಸಾರು ಅಲ್ಲಿರಬೇಕು. ಮುಂದಾಗುವಂತಿಲ್ಲ, ಹಿಂದಾಗುವಂತಿಲ್ಲ. ಅಣ್ಣ ಹುಟ್ಟಿದಾಗಿನಿಂದ ಅವಸರದವನು. ಶಾಲೆಗೆ ಹೋಗುವಾಗಲೂ ನನ್ನನ್ನು ಹಿಂದೆ ಬಿಟ್ಟೇ ಹೋಗುತ್ತಿದ್ದ. ಈಗಲೂ ಹಿಂದೆ ತಿರುಗಿ ನೋಡದೆ ಅರ್ಧ ಪಂಕ್ತಿ ಮುಂದೆ ಹೋದ. ನಡುವೆ ಹತ್ತಾರು ಜನ ಗುಂಡಿ ತೋಡಿಕೊಂಡು ಕಾಯುತ್ತ ಕೂತರು. ಒಬ್ಬ ಹಿರಿಯರು ಕೂಗಿದರು, "ಏನ್ರೋ, ಸಾರಿನೋರು ಭದ್ರಾವತಿಯಿಂದ ನಡ್ಕೊಂಡು ಬರ್ತಿದಾರಾ?"

ಪಂಕ್ತಿಯೆಲ್ಲ ನಕ್ಕಿತು. ನಾನು ಗಾಬರಿಯಲ್ಲಿ ಓಡಿದೆ. ಅಣ್ಣ ಬಿಟ್ಟುಹೋಗಿದ್ದ ಒಂದು ಎಲೆಗೆ ನೋಡದೆ ಒಂದು ಸೌಟು ಬಿಟ್ಟೆ. ಅನ್ನವಿಲ್ಲದ ಎಲೆಯ ಮೇಲೆ ಸಾರು ನಿಂತೀತೇ? ಅದು ಹೊಳೆಯಾಗಿ ಹರಿದು ಒಬ್ಬರ ರೇಷ್ಮೆ ಪಂಚೆ ಸೇರಿತು. ಅವರು ಹಾರಿ ಎದ್ದರು. ಯಾರವರು? ನಮ್ಮ ತಮಿಳಿನ ಯಜಮಾನರು!

ಅಣ್ಣ ತಿರುಗಿದ. ಮೂರು ವರ್ಷದ ಮೇಲೆ ಅವನು ನನಗೆ ಆಡಿದ ಮೊದಲ ಮಾತು ಇದು: "ಕಣ್ಣು ಎಲ್ಲಿಟ್ಟಿದೀಯೋ? ಚಿಕ್ಕೋನಿದ್ದಾಗ್ಲೂ ಹಿಂಗೇ ಚೆಲ್ತಿದ್ದೆ!"

"ನೀನು ಎಲೆ ಬಿಟ್ಟಿದ್ಯಾಕೆ? ಸ್ವಲ್ಪ ನಿಧಾನಕ್ಕೆ ಹೋಗು. ಯಾರು ಅಟ್ಟಿಸ್ಕೊಂಡು ಬರ್ತಿದಾರೆ ನಿನ್ನ?"

"ಅವರು ಬೇಡ ಅಂದ್ರು ಕಣೋ."

"ಎಲೆ ನೋಡ್ಬೇಕು, ಮುಖ ನೋಡ್ಬಾರ್ದು!"

ಈ ಮಾತು ನನ್ನ ಬಾಯಿಂದ ಹೇಗೆ ಬಂತೋ ಗೊತ್ತಿಲ್ಲ. ಅಣ್ಣ ವಾಪಸ್ಸು ಬಂದು ಆ ಎಲೆಗೆ ಅನ್ನ ಹಾಕಿದ. ನಾನು ಸಾರು ಹಾಕಿದೆ. ಆಮೇಲೆ ಪಂಕ್ತಿಯುದ್ದಕ್ಕೂ ಕಿತ್ತಾಡುತ್ತಲೇ ಹೋದೆವು. "ತಡಿ." "ಬಾ." "ಅವರಿಗೆ ಕಮ್ಮಿ ಹಾಕು, ಶುಗರ್ ಇದೆ." "ಗೊತ್ತು ನಂಗೆ, ನಿಂಗೊಬ್ನಿಗೇ ನೆಂಟರಾ?" ಎರಡನೆಯ ಪಂಕ್ತಿಗೆ ನಮ್ಮ ಹೆಜ್ಜೆ ಕೂಡಿತು. ಮೂರನೆಯದರಲ್ಲಿ ಅವನು ತಿರುಗಿ ನೋಡಬೇಕಾಗಿರಲಿಲ್ಲ, ನಾನು ಕರೆಯಬೇಕಾಗಿರಲಿಲ್ಲ. ಅಮ್ಮನನ್ನು ಯಾರೋ ಊಟಕ್ಕೆ ಎಬ್ಬಿಸಲು ಬಂದರೆ, "ಕೊನೇ ಪಂಕ್ತಿಗೆ ಕೂರ್ತೀನಿ" ಎಂದಳಂತೆ, ನಮ್ಮಿಂದ ಕಣ್ಣು ತೆಗೆಯದೆ.

ಜನ ಖಾಲಿಯಾದರು. ತಾರಸಿಯ ನಲ್ಲಿಯಲ್ಲಿ ನಾವಿಬ್ಬರೂ ಕೈ ತೊಳೆಯುತ್ತಿದ್ದೆವು. ಅಣ್ಣ ಬೋಗುಣಿಯನ್ನು ಬೇಕಾದದ್ದಕ್ಕಿಂತ ಹೆಚ್ಚು ಉಜ್ಜಿದ.

"ಭಾನುವಾರ ಮನೇಲಿರ್ತೀಯಾ?" ಎಂದ.

"ಇರ್ತೀನಿ. ಯಾಕೆ?"

"ನಾನೂ ನಿಮ್ಮತ್ತಿಗೇನೂ ಬರ್ತೀವಿ. ಕರೆಯೋಕೆ."

"ಯಾತಕ್ಕೆ?"

"ಗೃಹಪ್ರವೇಶಕ್ಕೆ."

"ಅದು ಆಗಿ ಮೂರು ವರ್ಷ ಆಯ್ತಲ್ಲ!"

"ನೀನು ಬಂದಿಲ್ವಲ್ಲೋ" ಎಂದು ಅಣ್ಣ ನಲ್ಲಿ ನಿಲ್ಲಿಸಿದ. ಅವನ ಮುಖ ನನಗೆ ಕಾಣಲಿಲ್ಲ. ನನ್ನದು ಅವನಿಗೆ ಕಾಣದಿದ್ದರೆ ಒಳ್ಳೆಯದು ಎಂದುಕೊಂಡೆ.

ಕೊನೆಯ ಪಂಕ್ತಿಗೆ ಎಲೆ ಹಾಕಿದರು. ಮನೆಯವರು ಮಾತ್ರ. ಅಣ್ಣ ಕೂತ, ಪಕ್ಕದಲ್ಲಿ ನಾನು ಕೂತೆ. ಅಮ್ಮ ಕುರ್ಚಿ ಬಿಟ್ಟು ಮೆಲ್ಲಗೆ ಬಂದು ನಮ್ಮಿಬ್ಬರನ್ನೂ ನಿಂತು ನೋಡಿದಳು. ಒಂದು ಕೈ ಅವನ ತಲೆಯ ಮೇಲೆ, ಇನ್ನೊಂದು ನನ್ನ ತಲೆಯ ಮೇಲೆ ಇಟ್ಟಳು.

ಅವಳಿಗೂ ಎಲೆಯಿತ್ತು. ಆದರೆ ಕೂರಲಿಲ್ಲ. "ಅಳಿಯಂದಿರು ಎಲ್ಲಿ?" ಎಂದು ಸುತ್ತ ನೋಡಿದಳು. ಅಳಿಯಂದಿರು ಎಲ್ಲಿರುತ್ತಾರೆ? ಜರಿಪಂಚೆಯನ್ನು ಮೇಲೆ ಕಟ್ಟಿ, ಪಾಯಸದ ಪಾತ್ರೆ ಹಿಡಿದು ನಮಗೆ ಬಡಿಸಲು ಬರುತ್ತಿದ್ದರು. ಅಮ್ಮ ಎದುರು ಹೋಗಿ ಆ ಪಾತ್ರೆಗೆ ಕೈಹಾಕಿದಳು.

"ಕೂತ್ಕೊಳ್ಳಿ."

"ಅಯ್ಯೋ, ನೀವು ಕೂತ್ಕೊಳ್ಳಿ ಅತ್ತೆ, ನಾನು ಆಮೇಲೆ..."

"ಎಲ್ರದ್ದೂ ಆಯ್ತು. ಇನ್ನು ಯಾರೂ ಬರೋರಿಲ್ಲ."

ಭಾವ ಮೆಟ್ಟಿಲ ಕಡೆ ನೋಡಿದರು. ಯಾರಾದರೂ ಒಬ್ಬರು, ದಾರಿ ತಪ್ಪಿದವರಾದರೂ, ಹತ್ತಿ ಬರಬಹುದೆಂಬ ಆಸೆಯಿಂದ ನೋಡಿದರು. ಯಾರೂ ಬರಲಿಲ್ಲ. ಪಾತ್ರೆ ಬಿಟ್ಟುಕೊಟ್ಟು ಅಕ್ಕನ ಪಕ್ಕದ ಎಲೆಯ ಮುಂದೆ, ಬೇರೆಯವರ ಮನೆಯಲ್ಲಿ ಕೂತವರಂತೆ ಕೂತರು.

"ಏಳ್ರೋ ಇಬ್ರೂ" ಎಂದಳು ಅಮ್ಮ ನಮಗೆ. ಎದ್ದೆವು. ಅಣ್ಣ ಅನ್ನ ಹಾಕಿದ, ಅವನ ಹಿಂದೆ ನಾನು ಸಾರು ಹಾಕಿದೆ. ನನ್ನ ಹಿಂದೆ ಅಮ್ಮ ಬಂದು, ಪಾಯಸ ಬಡಿಸುತ್ತ, ಭಾವನ ಕಿವಿಯ ಹತ್ತಿರ ಬಗ್ಗಿ ಹೇಳಿದಳು: "ಸಾವಕಾಶ ಆಗ್ಲಿ. ಸಂಕೋಚ ಮಾಡ್ಕೋಬೇಡಿ."

ಸಾವಿರಾರು ಜನಕ್ಕೆ ಈ ಮಾತು ಹೇಳಿದ ಮನುಷ್ಯನಿಗೆ, ಯಾರಾದರೂ ಅದನ್ನು ತನಗೇ ಹೇಳಿದರೆ ಏನು ಮಾಡಬೇಕೆಂದು ಗೊತ್ತಿರಲಿಲ್ಲ. ನಾವೆಲ್ಲ ಎಲೆಯ ಮೇಲೆ ಕೈ ಅಡ್ಡ ಹಿಡಿಯುತ್ತೇವೆ, ಸಾಕು ಸಾಕು ಎನ್ನುತ್ತೇವೆ. ಭಾವ ಸುಮ್ಮನೆ ಎಲೆ ನೋಡುತ್ತ ಕೂತಿದ್ದರು. ಕಣ್ಣಿಂದ ನೀರು ಇಳಿಯುತ್ತಿತ್ತು. ಪಾಯಸ ತುಂಬಿ ಅನ್ನದ ತನಕ ಬಂತು. ಸಾಕು ಎನ್ನುವುದನ್ನು ಅವರು ಕಲಿತೇ ಇರಲಿಲ್ಲ. ಅಮ್ಮನೂ ಆವತ್ತು ಕಲಿಸಲು ಹೋಗಲಿಲ್ಲ, ಬಡಿಸುತ್ತಲೇ ಇದ್ದಳು.